ಒಂದೇ ಹಲಗೆಯ ನಡುಕ

ಅವಳಿಗೆ ಗಿರಗಿಟ್ಲೆ ಅಂತ ಹೆಸರಿಟ್ಟವರು ಅವಳ ಅತ್ತೆ. ಮದುವೆಯಾಗಿ ಬಂದ ಮೊದಲ ವಾರ, ಸೊಸೆ ಹಲ್ಲುಜ್ಜುತ್ತಲೇ ಮನೆಯ ಮೂರೂ ಕೋಣೆ ಸುತ್ತಿ ಬರುವುದನ್ನು ನೋಡಿ, ಇವಳೇನು ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳೋ ಅಂದಿದ್ದರಂತೆ. ಆಮೇಲೆ ಚಕ್ರ ಹೋಗಿ ಗಿರಗಿಟ್ಲೆ ಆಯಿತು. ಒಂದು ದಿನ ಅವಳ ಗಂಡ ಆಫೀಸಿಗೆ ಫೋನ್ ಮಾಡಿ ಬಾಯಿತಪ್ಪಿ "ಗಿರಗಿಟ್ಲೆ ಇದಾಳಾ?" ಅಂತ ಕೇಳಿಬಿಟ್ಟ. ಅವತ್ತಿನಿಂದ ಪ್ರಯೋಗಾಲಯದ ಎಲ್ಲರಿಗೂ ಅವಳು ಗಿರಗಿಟ್ಲೆಯೇ. ಫೋನ್ ಎತ್ತಿದವನು ನಾನು. ಹಾಗಾಗಿ ಈ ಪಾಪದಲ್ಲಿ ನನಗೂ ಪಾಲುಂಟು.

ನಮ್ಮದು ವಿಮಾನ ತಯಾರಿಸುವ ಕಾರ್ಖಾನೆಗೆ ಅಂಟಿಕೊಂಡ ಮೂರು ಮಹಡಿಯ ಪ್ರಯೋಗಾಲಯ. ನೆಲಮಹಡಿಯಲ್ಲಿ ನಾನು ಪರೀಕ್ಷಾ ಹಾರಾಟಗಳ ದಾಖಲೆ ನೋಡಿಕೊಳ್ಳುತ್ತಿದ್ದೆ. ಎರಡನೇ ಮಹಡಿಯ ಕೊನೆಯ ಕೋಣೆ ಅವಳದು. ಅಲ್ಲಿ ಕುರ್ಚಿ ಇತ್ತು, ಆದರೆ ಅದರ ಮೇಲೆ ಯಾವಾಗಲೂ ಕಾಗದದ ಕಟ್ಟು ಕೂತಿರುತ್ತಿತ್ತು. ಅವಳು ನಿಂತೇ ಕೆಲಸ ಮಾಡುತ್ತಿದ್ದಳು. ಯೋಚನೆ ಹತ್ತಿದರೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಕೆಳಗಿನ ಕೋಣೆಯವರು ಹೆಜ್ಜೆ ಕೇಳಿಯೇ ಇವತ್ತು ಲೆಕ್ಕ ಕೂಡಿಬಂದಿದೆಯೋ ಇಲ್ಲವೋ ಹೇಳುತ್ತಿದ್ದರು.

ನಿನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ "ಕೆಡಿಸೋದು" ಅನ್ನುತ್ತಿದ್ದಳು. ಮಾತು ಸುಳ್ಳಲ್ಲ. ವಿಮಾನದೊಳಗೆ ಗೈರೊ ಅನ್ನುವ ಅಳತೆಯ ಸಾಧನಗಳಿರುತ್ತವೆ. ಹೊರಗೆ ಮೋಡ ಮುಚ್ಚಿ ಏನೂ ಕಾಣದಿದ್ದಾಗಲೂ ವಿಮಾನ ಎತ್ತ ತಿರುಗಿತು, ಎಷ್ಟು ವಾಲಿತು ಅನ್ನುವುದನ್ನು ಅವು ತಮಗೆ ತಾಗಿದ ಚಲನೆಯಿಂದಲೇ ಹೇಳುತ್ತವೆ. ಅಂಥ ಗೈರೊ ಒಂದು ಕೆಟ್ಟರೆ ವಿಮಾನಕ್ಕೆ ಅದು ತಿಳಿಯುತ್ತದೆಯೇ? ಆಕಾಶದಲ್ಲಿ ಇದನ್ನು ಮಾಡಿ ನೋಡುವಂತಿಲ್ಲ. ಅದಕ್ಕೆ ಅವಳು ಕಂಪ್ಯೂಟರಿನಲ್ಲಿ ಒಂದು ಸುಳ್ಳು ವಿಮಾನ ಹಾರಿಸಿ, ಅದಕ್ಕೆ ಸುಳ್ಳು ಗಾಳಿ ಬೀಸಿಸಿ, ನಡುವೆ ಒಂದು ಗೈರೊ ಕೆಡಿಸಿ, ಏನಾಯಿತೆಂದು ಬರೆದಿಡುತ್ತಿದ್ದಳು. ಒಂದು ಸಲವಲ್ಲ, ಹತ್ತು ಸಾವಿರ ಸಲ.

ಆಗ ಪರೀಕ್ಷೆಗೆ ಬಂದಿದ್ದ ವ್ಯವಸ್ಥೆ ಮೇಷ್ಟ್ರದ್ದು. ಮೇಷ್ಟ್ರು ಅಂದರೆ ನಮ್ಮ ಹಿರಿಯ ಎಂಜಿನಿಯರು. ಮೊದಲು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು, ಸೀಮೆಸುಣ್ಣ ಬಿಟ್ಟರೂ ಹೆಸರು ಬಿಡಲಿಲ್ಲ. ಹಳೆಯ ವಿಮಾನಗಳಲ್ಲಿ ಹಾರಾಟ ಹಿಡಿತದಲ್ಲಿಡುವ ಯಂತ್ರಕ್ಕೆ ಬೇರೆ ಗೈರೊ, ದಾರಿ ಲೆಕ್ಕ ಹಾಕುವ ಯಂತ್ರಕ್ಕೆ ಬೇರೆ ಗೈರೊ. ಪ್ರತಿಯೊಂದಕ್ಕೂ ಮೂರು ಮೂರು ಪೆಟ್ಟಿಗೆ, ಒಂದು ಸುಳ್ಳು ಹೇಳಿದರೆ ಉಳಿದೆರಡು ಹಿಡಿಯಲಿ ಅಂತ. ಇಷ್ಟೊಂದು ಪೆಟ್ಟಿಗೆ ಯಾಕೆ ಹೊರಬೇಕು ಅನ್ನುವುದು ಮೇಷ್ಟ್ರ ಪ್ರಶ್ನೆ. ಎರಡೇ ಪೆಟ್ಟಿಗೆ ಇರಲಿ, ಒಂದೊಂದರಲ್ಲಿ ಮೂರು ಗೈರೊ, ಆರೂ ಬೇರೆ ಬೇರೆ ಕೋನಕ್ಕೆ ಓರೆಯಾಗಿ ಕೂತಿರಲಿ, ಎಲ್ಲ ಯಂತ್ರಗಳೂ ಆ ಆರನ್ನೇ ಹಂಚಿಕೊಳ್ಳಲಿ ಅಂದರು. ಓರೆಯಾಗಿರುವುದರಿಂದ ಒಂದು ಹೇಳಿದ್ದನ್ನು ಉಳಿದ ಐದರ ಲೆಕ್ಕದಿಂದ ತಾಳೆ ನೋಡಬಹುದು, ಕೆಟ್ಟದ್ದನ್ನು ಪತ್ತೆ ಹಚ್ಚಿ ಹೊರಗೆ ಹಾಕಬಹುದು. ಹನ್ನೊಂದು ವರ್ಷ ಅವರು ಇದರ ಬೆನ್ನು ಬಿದ್ದಿದ್ದರು. ನಿವೃತ್ತಿಗೆ ಇನ್ನು ಒಂಬತ್ತು ತಿಂಗಳಿತ್ತು.

ಗಿರಗಿಟ್ಲೆಯನ್ನು ಈ ಕೆಲಸಕ್ಕೆ ತಂದವರೂ ಅವರೇ. ಗೈರೊಗಳನ್ನು ಕೂರಿಸಿ ಪರೀಕ್ಷಿಸುವ ಮೇಜಿಗೆ ಎಣ್ಣೆ ಹಾಕಿ, ಒರೆಸಿ, ಅಂಕಿ ಬರೆದುಕೊಳ್ಳುವ ಕೆಲಸಕ್ಕೆ ಸೇರಿದ್ದವಳು ಅವಳು. ಬರೆದುಕೊಂಡ ಅಂಕಿ ಯಾಕೆ ಹೀಗಿದೆ ಅಂತ ದಿನಾ ಬಂದು ಪೀಡಿಸುತ್ತಿದ್ದುದನ್ನು ನೋಡಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕೂರಿಸಿ ಗಣಿತ ಹೇಳಿಕೊಟ್ಟರು. ನಾಲ್ಕು ವರ್ಷ ಹೇಳಿಕೊಟ್ಟರು. ಕೂರಿಸಿ ಅಂದೆ, ಅದೊಂದು ಮಾತ್ರ ಅವರಿಂದಲೂ ಆಗಲಿಲ್ಲ. ಅವಳನ್ನು "ನೀನು" ಅಂತ, ಕೆಲವೊಮ್ಮೆ "ಅಮ್ಮಾ" ಅಂತ ಕರೆಯುತ್ತಿದ್ದರು. ಕಚೇರಿಯಲ್ಲಿ ಬೇರೆ ಯಾರಿಗೂ ಆ ಸಲಿಗೆ ಇರಲಿಲ್ಲ.

ಹತ್ತು ಸಾವಿರ ಹಾರಾಟಗಳ ಫಲಿತಾಂಶ ಬಂತು. ವ್ಯವಸ್ಥೆ ತಪ್ಪು ತೀರ್ಮಾನ ಮಾಡಿದ್ದು ಎರಡೇ ಎರಡರಲ್ಲಿ. ಪರಿಶೀಲನಾ ಸಮಿತಿ ಹಾಕಿದ್ದ ಮಿತಿ ಐದು. ಮೇಷ್ಟ್ರು ಅವತ್ತು ಕೋಣೆಯಿಂದ ಕೋಣೆಗೆ ಹೋಗಿ ಎಲ್ಲರ ಬೆನ್ನು ತಟ್ಟಿದರು. ವರದಿ ಬರೆದು ಸಹಿ ಹಾಕುವುದಷ್ಟೇ ಬಾಕಿ. ಗಿರಗಿಟ್ಲೆಯ ಸಹಿ ಬೇಕಿದ್ದ ಹಾಳೆ ಅವಳ ಮೇಜಿನ ಮೇಲೆ ಆರು ದಿನ ಕೂತಿತು.

ಅವಳ ತಲೆಯಲ್ಲಿ ಹುಳ ಹೊಕ್ಕಿದ್ದು ಬೆಳಗಿನ ಬಸ್ಸಿನಲ್ಲಿ. ಸೀಟು ಖಾಲಿಯಿದ್ದರೂ ಎಂದಿನಂತೆ ಕಂಬಿ ಹಿಡಿದು ನಿಂತಿದ್ದಳು. ಬಸ್ಸು ರಸ್ತೆಯ ಹಳ್ಳಕ್ಕೆ ಇಳಿದಾಗ ಎದುರಿನ ಉದ್ದ ಸೀಟಿನಲ್ಲಿದ್ದ ಮೂವರೂ ಒಟ್ಟಿಗೆ ಎಡಕ್ಕೆ ವಾಲಿ, ಒಟ್ಟಿಗೆ ನೆಟ್ಟಗಾದರು. ಅವಳ ಸಿಮ್ಯುಲೇಶನ್‌ನಲ್ಲಿ, ಅಂದರೆ ಆ ಸುಳ್ಳು ಹಾರಾಟದಲ್ಲಿ, ಆರು ಗೈರೊಗಳಿಗೂ ನಡುಕ ಕೊಟ್ಟಿದ್ದರು ನಿಜ. ಆದರೆ ಒಂದೊಂದಕ್ಕೆ ಒಂದೊಂದು ಥರ, ಒಂದರ ನಡುಕಕ್ಕೂ ಇನ್ನೊಂದರ ನಡುಕಕ್ಕೂ ಸಂಬಂಧವಿಲ್ಲದ ಹಾಗೆ. ನಿಜವಾದ ವಿಮಾನದಲ್ಲಿ ಎರಡೂ ಪೆಟ್ಟಿಗೆ ಒಂದೇ ಅಲ್ಯುಮಿನಿಯಂ ಹಲಗೆಯ ಮೇಲೆ ಅಕ್ಕಪಕ್ಕ ಕೂರುತ್ತವೆ. ಹಲಗೆ ನಡುಗಿದರೆ ಆರೂ ಸೇರಿಯೇ ನಡುಗಬೇಕಲ್ಲ?

ಮೇಷ್ಟ್ರ ಹತ್ತಿರ ಹೋಗಿ ಕೇಳಿದಳು. ಅದು ಮೂರು ವರ್ಷದ ಹಿಂದೆಯೇ ಎಲ್ಲರೂ ಒಪ್ಪಿ ಯೋಜನೆಯ ಮೊದಲ ವರದಿಯ ಹದಿನೇಳನೇ ಪುಟದಲ್ಲಿ ಬರೆದುಕೊಂಡ ಮಾತು, ಹಲಗೆ ಗಟ್ಟಿಯಾಗಿದೆ, ಅದರ ನಡುಕ ಲೆಕ್ಕಕ್ಕೆ ಬರುವಷ್ಟಿಲ್ಲ ಅಂದರು. ಸಿಟ್ಟಿನಿಂದಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದರು. ಅವಳು ತಲೆಯಾಡಿಸಿ ಹೊರಗೆ ಬಂದಳು. ಬಂದವಳು ನೆಟ್ಟಗೆ ನನ್ನಲ್ಲಿಗೆ ಇಳಿದು, ಅಂಥದೇ ಹಲಗೆಯಿರುವ ಹಳೆಯ ವಿಮಾನದ ಅರವತ್ತೆರಡು ಇಳಿತಗಳ ನಡುಕದ ದಾಖಲೆ ಬೇಕು ಅಂದಳು. ಎಲ್ಲವೂ ಬೇಕಾ ಅಂತ ಕೇಳಿದೆ. ಎಲ್ಲವೂ ಅಂದಳು.

ಮೂರು ದಿನ ನನ್ನ ಕೋಣೆಯಲ್ಲೇ ಅವಳ ವಾಸ. ಕಪಾಟುಗಳ ನಡುವೆ ಓಡಾಡುತ್ತ ಓದುವವಳನ್ನು ನಾನು ಅವತ್ತೇ ಮೊದಲು ನೋಡಿದ್ದು. ಮೂರನೇ ದಿನ ಮಧ್ಯಾಹ್ನ ಎರಡು ಹಾಳೆ ತಂದು ನನ್ನ ಮುಂದೆ ಹಿಡಿದಳು. ವಿಮಾನ ಇಳಿಯುವ ಮುಂಚೆ ವೇಗ ತಗ್ಗಿಸಲು ರೆಕ್ಕೆಯ ಹಿಂಬದಿಯ ಪಟ್ಟಿಗಳನ್ನು ಕೆಳಗೆ ಬಿಡುತ್ತಾರೆ. ಅವು ಪೂರ್ತಿ ಇಳಿದ ಹೊತ್ತಿನಲ್ಲಿ ಹಲಗೆಯ ನಡುಕ ಇದ್ದಕ್ಕಿದ್ದ ಹಾಗೆ ಮೂರು ಪಟ್ಟು ಏರಿತ್ತು. ನನ್ನಂಥವನಿಗೂ ಕಾಣುವ ಹಾಗಿತ್ತು ಗೆರೆ.

ಶನಿವಾರ, ಭಾನುವಾರ ಅವಳು ಕೆಲಸಕ್ಕೆ ಬಂದಳು. ಹಲಗೆ ಒಟ್ಟಾಗಿ ನಡುಗುವ ಹಾಗೆ ಲೆಕ್ಕದಲ್ಲಿ ಹೊಸ ಭಾಗ ಬರೆದು, ಕಟ್ಟಡದಲ್ಲಿದ್ದ ಖಾಲಿ ಕಂಪ್ಯೂಟರುಗಳನ್ನೆಲ್ಲ ಹಚ್ಚಿ ಮತ್ತೆ ಹತ್ತು ಸಾವಿರ ಹಾರಾಟ ಓಡಿಸಿದಳು. ಭಾನುವಾರ ಸಂಜೆ ಬಂದ ಅಂಕಿ ಮುನ್ನೂರ ನಲವತ್ತು. ಕೆಟ್ಟ ಗೈರೊವನ್ನು ಉಳಿಸಿಕೊಂಡು ಒಳ್ಳೆಯದನ್ನು ಹೊರಗೆ ಹಾಕಿದ ಹಾರಾಟಗಳು ಮುನ್ನೂರ ನಲವತ್ತು.

ಸೋಮವಾರ ಹತ್ತು ಗಂಟೆಗೆ ಸಮಿತಿಯ ಸಭೆ. ಮೇಷ್ಟ್ರಿಗೆ ಮೊದಲೇ ಹೇಳಬಹುದಿತ್ತು. ಅವರ ಮನೆ ಎರಡು ಬೀದಿಯಾಚೆ, ಫೋನೂ ಇತ್ತು. ಯಾಕೆ ಹೇಳಲಿಲ್ಲ ಅಂತ ಎಷ್ಟೋ ದಿನದ ಮೇಲೆ ನಾನೇ ಕೇಳಿದೆ. ಹೇಳಿದ್ದರೆ ಅವರು ಒಂದು ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸುತ್ತಿದ್ದರು, ನಾನು ಮುಚ್ಚಿಕೊಂಡೂ ಬಿಡುತ್ತಿದ್ದೆ, ಅದೇ ಹೆದರಿಕೆ ಅಂದಳು.

ಸಭೆಯಲ್ಲಿ ಮೇಷ್ಟ್ರು ಮಾತು ಮುಗಿಸಿ ಕೂತ ಮೇಲೆ ಅವಳು ಎದ್ದು ಹಾಳೆ ಹಂಚಿದಳು. ಸಮಿತಿಯ ಅಧ್ಯಕ್ಷೆ, ಬಿಳಿ ಕೂದಲ ಗಟ್ಟಿ ಹೆಂಗಸು, ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ವರದಿ ತಡೆಹಿಡಿದಿದೆ, ಮುಂದಿನ ತಿಂಗಳ ಪರೀಕ್ಷಾ ಹಾರಾಟವೂ ಸದ್ಯಕ್ಕಿಲ್ಲ ಅಂದರು. ಮೇಷ್ಟ್ರು ತಮ್ಮ ಕಾಗದ ಮಡಿಸಿಕೊಂಡು ಎದ್ದರು. ಹೊರಗೆ ಮೊಗಸಾಲೆಯಲ್ಲಿ ಅವಳ ಪಕ್ಕದಲ್ಲಿ ನಿಂತು, ಅವಳ ಮುಖ ನೋಡದೆ, "ನೀವು ಇದನ್ನ ನನಗೆ ಮೊದಲೇ ಹೇಳಬಹುದಿತ್ತು" ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಹತ್ತೊಂಬತ್ತು ವರ್ಷ ನೀನು ಅಂದವರು ನೀವು ಅಂದದ್ದು ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಆಮೇಲಿನ ಒಂದು ವಾರ ಅವಳು ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದಳು. ಕ್ಯಾಂಟೀನಿನಲ್ಲಿ ಮೇಷ್ಟ್ರ ಕಡೆಯವರು ಅವಳಿಗೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಗಂಡ ಸಮಾಧಾನ ಹೇಳಿ ಸೋತ. ಅವನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಬೆಳಗಿಂದ ಸಂಜೆವರೆಗೆ ಎಲ್ಲರಿಗೂ ಅಲುಗಾಡಬೇಡಿ, ಉಸಿರು ಬಿಗಿಹಿಡಿಯಿರಿ ಅನ್ನುವುದೇ ಅವನ ಕೆಲಸ, ಮನೆಯಲ್ಲಿ ಮಾತ್ರ ಆ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಎಂಟನೇ ದಿನ, ಮಂಗಳವಾರ, ಊಟದ ಹೊತ್ತಿಗೆ ಮುಂಚೆ, ಅವಳು ಸಮಿತಿಗೆ ಕೊಡಬೇಕಾದ ಚಿತ್ರ ಬರೆಯುತ್ತಿದ್ದಳು. ಆರು ಗೈರೊಗಳ ನಡುಕವನ್ನು ಆರು ಗೆರೆಯಾಗಿ ಒಂದರ ಕೆಳಗೊಂದು ಹಾಕಿದಾಗ ಐದನೆಯದು ಇರಬೇಕಾದ್ದಕ್ಕೆ ತಲೆಕೆಳಗಾಗಿತ್ತು. ಹಲಗೆ ಮೇಲೇಳಬೇಕಾದಾಗ ಆ ಒಂದು ಗೈರೊ ಕೆಳಗೆ ಹೋಗುತ್ತಿತ್ತು. ಒಂದೇ ಹಲಗೆಯ ಮೇಲೆ ಕೂತದ್ದು ಹಾಗೆ ಹೋಗಲು ಸಾಧ್ಯವೇ ಇಲ್ಲ. ಮೂಲ ಪಟ್ಟಿ ತೆಗೆದು ತಾಳೆ ನೋಡಿದಳು. ಭಾನುವಾರದ ಅವಸರದಲ್ಲಿ ಆರು ಗೈರೊಗಳ ಕೋನಗಳನ್ನು ಮೂಲ ಪಟ್ಟಿಯಿಂದ ತೆಗೆದುಕೊಳ್ಳದೆ ಕೈಯಾರೆ ಬರೆದಿದ್ದಳು. ಐದನೆಯದರ ಮುಂದಿನ ಮೈನಸ್ ಚಿಹ್ನೆ ಬಿಟ್ಟುಹೋಗಿತ್ತು.

ಮೈನಸ್ ಹಾಕಿ ಮತ್ತೆ ಓಡಿಸಿದಳು. ಮಾರನೆಯ ದಿನ ಮಧ್ಯಾಹ್ನ ಅಂಕಿ ಬಂತು: ಹತ್ತೊಂಬತ್ತು.

ಮುನ್ನೂರ ನಲವತ್ತಲ್ಲ. ಮೇಷ್ಟ್ರು ಹೇಳಿದ ಎರಡೂ ಅಲ್ಲ.

ಅವಳು ಕಂಪ್ಯೂಟರ್ ಆರಿಸಿ, ರಜೆ ಬರೆದಿಟ್ಟು, ಬಸ್ಸು ಹತ್ತದೆ ನಡೆದೇ ಮನೆಗೆ ಹೊರಟಳು. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಲೆಕ್ಕ. ಮಿತಿ ಐದು. ಮುನ್ನೂರ ನಲವತ್ತಾದರೂ ಮಿತಿ ಮೀರಿದ್ದೇ, ಹತ್ತೊಂಬತ್ತಾದರೂ ಮೀರಿದ್ದೇ. ವ್ಯವಸ್ಥೆಯಲ್ಲಿ ದೋಷ ಇರುವುದು ನಿಜ. ಸುಮ್ಮನೆ ಅಂಕಿ ಬದಲಿಸಿ, ಲೆಕ್ಕ ಇನ್ನಷ್ಟು ನಯ ಮಾಡಿದೆ ಅಂತ ಬರೆದರೆ ಯಾರೂ ಕೇಳುವುದಿಲ್ಲ. ಚಿಹ್ನೆ ಬಿಟ್ಟೆ ಅಂತ ಹೇಳಿದರೆ ಆ ಹತ್ತೊಂಬತ್ತನ್ನೂ ಯಾರೂ ನಂಬುವುದಿಲ್ಲ. ಎಲ್ಲರೂ ಎರಡಕ್ಕೇ ಹಿಂದಿರುಗುತ್ತಾರೆ, ದೋಷ ಒಳಗಿಟ್ಟುಕೊಂಡೇ ವಿಮಾನ ಹಾರುತ್ತದೆ. ಹೇಳದಿರುವುದೇ ಎಲ್ಲರಿಗೂ ಒಳ್ಳೆಯದು ಅನ್ನುವ ಕಡೆಗೆ ಅವಳ ಮನಸ್ಸು ವಾಲಿತ್ತು. ಇದನ್ನೂ ಅವಳೇ ನನಗೆ ಹೇಳಿದ್ದು.

ಮನೆಯ ಮುಂದಿನ ಕೋಣೆಯಲ್ಲಿ ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಮೂವತ್ತೈದು ವರ್ಷ ದರ್ಜಿ ಅಂಗಡಿ ನಡೆಸಿದವರು. ಅಂಗಡಿ ಮುಚ್ಚಿದರೂ ಬೀದಿಯವರ ಹರಿದದ್ದು ಬಿಚ್ಚಿದ್ದು ಅವರ ಮಡಿಲಿಗೇ ಬರುತ್ತಿತ್ತು. ಮೂರು ಗಂಟೆಗೆ ಮನೆಗೆ ಬಂದ ಸೊಸೆ ಚಪ್ಪಲಿ ಬಿಚ್ಚದೆ ಕಿಟಕಿ ಬಾಗಿಲ ನಡುವೆ ಸುತ್ತಲು ಶುರುಮಾಡಿದಾಗ ಅವರು ಯಂತ್ರ ನಿಲ್ಲಿಸಿದರು.

"ಏನು ಮಾಡಿಕೊಂಡು ಬಂದೆ?" ಅಂದರು.

ಅವಳು ಎಲ್ಲವನ್ನೂ ಹೇಳಿದಳು. ಗೈರೊ, ಕೋನ ಅವರಿಗೆ ಎಷ್ಟು ತಿಳಿಯಿತೋ, ಚಿಹ್ನೆ ತಿರುವುಮುರುವಾದದ್ದು ಮಾತ್ರ ಸರಿಯಾಗಿ ತಿಳಿಯಿತು. ಸೂಜಿಗೆ ದಾರ ಪೋಣಿಸುತ್ತ ತಮ್ಮದೊಂದು ಹಳೆಯ ಕಥೆ ತೆಗೆದರು. ಅಂಗಡಿ ಇಟ್ಟ ಎರಡನೇ ವರ್ಷ, ಒಬ್ಬರ ಕೋಟಿಗೆ ಎಡ ತೋಳನ್ನು ಬಲಕ್ಕೂ ಬಲ ತೋಳನ್ನು ಎಡಕ್ಕೂ ಹೊಲಿದುಬಿಟ್ಟಿದ್ದರಂತೆ. ಇಸ್ತ್ರಿ ಮಾಡುವಾಗ ಗೊತ್ತಾಯಿತು. ಬಿಚ್ಚಿ ಹೊಲಿಯಲು ಹೊತ್ತಿರಲಿಲ್ಲ, ಹಾಕಿಕೊಂಡರೆ ತಿಳಿಯಲಾರದು ಅಂತ ಮಡಿಸಿ ಕೊಟ್ಟರು. ಆ ಮನುಷ್ಯ ಮಗಳ ಮದುವೆಯಲ್ಲಿ ದಿನವಿಡೀ ಕೈ ಮುಂದಕ್ಕೆ ಬಾರದೆ ಒದ್ದಾಡಿದ.

"ಮಾರನೇ ದಿನ ಬಂದು ಕೋಟು ಮೇಜಿನ ಮೇಲೆ ಇಟ್ಟು ಹೋದ. ದುಡ್ಡೂ ವಾಪಸ್ ಕೇಳಲಿಲ್ಲ," ಅಂದರು ಅತ್ತೆ. "ಆಮೇಲೆ ಎಷ್ಟು ವರ್ಷ ಅದೇ ಬೀದೀಲಿ ಎದುರಾದ ಗೊತ್ತಾ? ಅವನು ಬಂದಾಗೆಲ್ಲ ನಾನು ಒಳಗೆ ಹೋಗಿ ಕೂರ್ತಿದ್ದೆ. ನನ್ನ ಅಂಗಡೀಲಿ ನಾನೇ ಬಚ್ಚಿಟ್ಟುಕೊಳ್ಳೋ ಹಾಗಾಯ್ತು."

"ಅತ್ತೆ, ಹೇಳಿದ್ರೆ ನನ್ನ ಮಾತು ಇನ್ನು ಯಾರೂ ನಂಬಲ್ಲ."

"ಇರಬಹುದು. ಚಪ್ಪಲಿ ಬಿಚ್ಚು, ಮನೆಯೆಲ್ಲ ಮಣ್ಣಾಯ್ತು."

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಮೇಷ್ಟ್ರ ಕೋಣೆಯ ಬಾಗಿಲು ತಟ್ಟಿದಳು. ಒಳಗೆ ಬಂದು, ಕೈಯಲ್ಲಿದ್ದ ಎರಡು ಹಾಳೆಯನ್ನು ಮೇಜಿನ ಮೇಲಿಟ್ಟು, ಚಿಹ್ನೆ ಬಿಟ್ಟದ್ದು ನಾನು, ಅಂಕಿ ಮುನ್ನೂರ ನಲವತ್ತಲ್ಲ, ಹತ್ತೊಂಬತ್ತು, ಸಮಿತಿಗೆ ಇವತ್ತೇ ಪತ್ರ ಬರೆಯುತ್ತೇನೆ, ಮೊದಲು ನಿಮಗೆ ಹೇಳಬೇಕಿತ್ತು ಅಂದಳು. ಕಳೆದ ಸಲ ಹೇಳದಿದ್ದಕ್ಕೂ ತಪ್ಪಾಯಿತು ಅಂದಳು.

ಮೇಷ್ಟ್ರು ಕೆಂಪಾದರು. ಹನ್ನೊಂದು ವರ್ಷದ ಕೆಲಸವನ್ನು ಎಲ್ಲರೆದುರು ಬೀದಿಗೆಳೆಯುವ ಮುಂಚೆ ಒಂದು ಪಟ್ಟಿಯನ್ನು ಎರಡನೇ ಸಲ ಓದಲು ನಿಮಗೆ ಪುರುಸೊತ್ತಿರಲಿಲ್ಲವೇ ಅಂತ ಕೇಳಿದರು. ಇನ್ನೂ ಏನೇನೋ ಅಂದರು. ಪಕ್ಕದ ಕೋಣೆಯವರು ಟೈಪು ಮಾಡುವುದನ್ನು ನಿಲ್ಲಿಸಿ ಕೇಳಿಸಿಕೊಂಡರಂತೆ. ಅವಳು ಅಷ್ಟೂ ಹೊತ್ತು ಒಂದೇ ಕಡೆ ನಿಂತಿದ್ದಳು. ಅವಳ ಬಾಳಿನಲ್ಲೇ ಅಪರೂಪ.

ಕೋಪ ಇಳಿದ ಮೇಲೆ ಅವರು ಹಾಳೆಗಳನ್ನು ಎಳೆದುಕೊಂಡು ಓದಿದರು. ಪೆನ್ಸಿಲ್ ಎತ್ತಿಕೊಂಡು ಅಂಚಿನಲ್ಲಿ ಲೆಕ್ಕ ಹಾಕಿದರು. ಬಹಳ ಹೊತ್ತಾಯಿತು.

"ಈ ಹತ್ತೊಂಬತ್ತರಲ್ಲಿ ರೆಕ್ಕೆಯ ಪಟ್ಟಿ ಇಳಿದಿರುವಾಗ ಆದದ್ದು ಎಷ್ಟು?"

"ಹತ್ತೊಂಬತ್ತೂ."

"ಹತ್ತೊಂಬತ್ತೂನಾ?" ಪೆನ್ಸಿಲ್ ಕೆಳಗಿಟ್ಟರು. "ಕೂತ್ಕೋ. ನೀನು ನಿಂತಿದ್ರೆ ನನಗೆ ಯೋಚನೆ ಮಾಡೋಕಾಗಲ್ಲ."

ಇಬ್ಬರೂ ಸೇರಿ ಕಂಡುಕೊಂಡದ್ದು ಇಷ್ಟು. ಹತ್ತು ಸಾವಿರದಲ್ಲಿ ಹತ್ತೊಂಬತ್ತು ಅಂದರೆ ಎಲ್ಲೋ ಒಂದು. ಆದರೆ ಪಟ್ಟಿಗಳು ಪೂರ್ತಿ ಇಳಿದು, ವೇಗ ತಗ್ಗಿ, ಒಂದು ಗೈರೊ ಒಮ್ಮೆಗೇ ಅಲ್ಲದೆ ನಿಧಾನವಾಗಿ ಕೆಡುತ್ತಿರುವ ಹಾರಾಟಗಳನ್ನಷ್ಟೇ ಹೆಕ್ಕಿದರೆ ಹನ್ನೆರಡರಲ್ಲಿ ಒಂದು ತಪ್ಪುತ್ತಿತ್ತು. ಅಷ್ಟಿದ್ದರೆ ಕಂಪ್ಯೂಟರನ್ನು ನಂಬಿಕೊಂಡು ಕೂರಬೇಕಿಲ್ಲ. ನಿಜವಾದ ಪೆಟ್ಟಿಗೆಗಳನ್ನು ನಿಜವಾದ ಹಲಗೆಯ ಮೇಲೆ ಕೂರಿಸಿ ಕುಲುಕಿ ನೋಡಬಹುದು.

ಅವಳ ಪತ್ರ ಓದಿದ ಅಧ್ಯಕ್ಷೆ ಇಬ್ಬರನ್ನೂ ಕರೆಸಿದರು. ನಿಮ್ಮ ಪ್ರಾಮಾಣಿಕತೆಯ ಮೇಲೆ ನನಗೆ ಸಂಶಯವಿಲ್ಲ, ಆದರೆ ನಿಮ್ಮ ಕೈಯಿಂದ ಬಂದ ಅಂಕಿಯನ್ನು ಸದ್ಯಕ್ಕೆ ನಾನು ಯಾರ ಮುಂದೂ ಇಡಲಾರೆ ಅಂದರು. ವ್ಯವಸ್ಥೆಯ ಮೌಲ್ಯಮಾಪನದ ಕೆಲಸದಿಂದ ಅವಳನ್ನು ತೆಗೆದರು. ಹೊರಗಿನ ಒಂದು ತಂಡ ಎಲ್ಲವನ್ನೂ ಮೊದಲಿಂದ ಲೆಕ್ಕ ಹಾಕುತ್ತದೆ ಅಂದರು. ಮೇಷ್ಟ್ರು ಹತ್ತು ದಿನ ಕುಲುಕು ಮೇಜು ಕೊಡಿ ಅಂತ ಕೇಳಿದ್ದಕ್ಕೆ ಒಪ್ಪಿದರು. ಆದರೆ ಯಾವ ಗುಂಡಿಯನ್ನೂ ಅವಳು ಮುಟ್ಟಬಾರದು, ನೋಡುತ್ತಿರಬಹುದಷ್ಟೇ.

ಕುಲುಕು ಮೇಜಿರುವುದು ಹಿಂದಿನ ಶೆಡ್ಡಿನಲ್ಲಿ, ನೆಲಕ್ಕೆ ಗಾರೆ ಹಾಕಿ ಕೂರಿಸಿದ ಉಕ್ಕಿನ ಚಪ್ಪಡಿ. ಅದನ್ನು ನಡೆಸುವವನನ್ನು ಮೇಜಿನವನು ಅಂತಲೇ ಕರೆಯುತ್ತಿದ್ದೆವು. ಕಿವಿಗೆ ಸದಾ ಹತ್ತಿ ತುರುಕಿಕೊಂಡಿರುತ್ತಿದ್ದ, ಹಾಗಾಗಿ ಗುಟ್ಟು ಹೇಳುವಾಗಲೂ ಕೂಗಿಯೇ ಹೇಳುತ್ತಿದ್ದ. ಹಳೆಯ ವಿಮಾನದಿಂದ ಹಲಗೆ ಬಿಚ್ಚಿ ತಂದು, ಅದೇ ತಿರುಪುಗಳಿಂದ ಬಿಗಿದು, ಎರಡೂ ಪೆಟ್ಟಿಗೆ ಕೂರಿಸಿದರು. ಪೆಟ್ಟಿಗೆಗಳ ತಂತಿ ಪಕ್ಕದ ಕಂಪ್ಯೂಟರಿಗೆ ಹೋಯಿತು. ವಿಮಾನ ಸುಳ್ಳು, ಗೈರೊ ನಿಜ. ಮೇಜು ನನ್ನ ದಾಖಲೆಯಲ್ಲಿದ್ದ ಇಳಿತಗಳ ಹಾಗೆಯೇ ನಡುಗಬೇಕು, ಮೂರನೇ ಗೈರೊವನ್ನು ಕಂಪ್ಯೂಟರು ನಿಧಾನವಾಗಿ ಕೆಡಿಸಬೇಕು, ವ್ಯವಸ್ಥೆ ಯಾವುದನ್ನು ಹೊರಗೆ ಹಾಕುತ್ತದೆಂದು ಕಾಯಬೇಕು. ಒಂದು ಓಟಕ್ಕೆ ಏಳು ನಿಮಿಷ. ಅರವತ್ತು ಓಟ.

ಶುರುವಿಗೆ ಮುಂಚೆ ಗೈರೊಗಳನ್ನು ಹತ್ತು ನಿಮಿಷ ಅಲುಗಿಸದೆ ಬಿಡಬೇಕು. ಐದು ನಿಮಿಷವಾಗುವಷ್ಟರಲ್ಲಿ ಪರದೆಯ ಮೇಲೆ ಸಣ್ಣ ಸಣ್ಣ ಮುಳ್ಳು ಏಳತೊಡಗಿದವು. ಮೇಜಿನವನು ಹಿಂದೆ ತಿರುಗಿ ನೋಡಿದ. ಗಿರಗಿಟ್ಲೆ ಗೋಡೆಯುದ್ದಕ್ಕೂ ನಡೆಯುತ್ತಿದ್ದಳು.

"ಅಕ್ಕಾ, ನಿಮ್ಮ ಹೆಜ್ಜೆ ಗೈರೊಗೆ ಬೀಳ್ತಿದೆ," ಅಂತ ಕೂಗಿದ. ಬಾಗಿಲಿಂದಾಚೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನಡೆಯುವುದಿದ್ದರೆ ಅದರಾಚೆ ಅಂದ. ಅವಳು ನಡೆಯಲೂ ಆಗದೆ, ಹೋಗಲೂ ಆಗದೆ ಒಂದು ಮರದ ಪೆಟ್ಟಿಗೆಯ ಮೇಲೆ ಕೂತು ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು.

ಮೊದಲ ದಿನ ಇಪ್ಪತ್ತೊಂದು ಓಟ. ಎಲ್ಲದರಲ್ಲೂ ವ್ಯವಸ್ಥೆ ಮೂರನೇ ಗೈರೊವನ್ನೇ ಹಿಡಿದು ಹೊರಗೆ ಹಾಕಿತು. ಒಂದೂ ತಪ್ಪಲಿಲ್ಲ. ಸಂಜೆ ಶೆಡ್ಡಿನ ಹೊರಗೆ ಮೇಷ್ಟ್ರೂ ಅವಳೂ ಬಸ್ಸಿಗೆ ಹೋಗುವ ದಾರಿಯಲ್ಲಿ ಜೊತೆಯಾದರು. ನಾನೂ ಹಿಂದಿದ್ದೆ.

"ನಾಳೆಯೂ ಒಂದೂ ಬರದಿದ್ರೆ?" ಅಂತ ಮೇಷ್ಟ್ರು ಕೇಳಿದರು.

"ಬರದಿದ್ರೆ ನೀವು ಸರಿ."

"ನಿನಗೆ ಏನಾಗಬೇಕು ಅನ್ನಿಸ್ತಿದೆ?"

ಅವಳು ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಹಿಂದೆ ಬಂದಳು. "ಗೊತ್ತಿಲ್ಲ ಮೇಷ್ಟ್ರೇ. ಒಂದೊಂದು ಓಟ ಸರಿಯಾಗಿ ಮುಗಿದಾಗಲೂ ಖುಷಿ ಆಗುತ್ತೆ. ಆಮೇಲೆ, ದೋಷ ಒಳಗೇ ಉಳೀತಲ್ಲ ಅನ್ನಿಸುತ್ತೆ."

"ನನಗೂ ಹಾಗೇ," ಅಂದರು ಅವರು. ಬಸ್ಸು ಬಂತು.

ಎರಡನೇ ದಿನ ಹನ್ನೊಂದೂವರೆ ಹೊತ್ತಿಗೆ, ಮೂವತ್ತೇಳನೇ ಓಟ. ಮೇಜು ಗುಂಯ್‌ಗುಡುತ್ತಿತ್ತು. ನಾಲ್ಕನೇ ನಿಮಿಷದಲ್ಲಿ ಪರದೆಯ ಎಡ ಮೂಲೆಯಲ್ಲಿ ಐದನೇ ಗೈರೊದ ಅಂಕಿ ಕೆಂಪಾಗಿ ಅಳಿಸಿಹೋಯಿತು. ಐದನೆಯದು ಏನೂ ಕೆಟ್ಟಿರಲಿಲ್ಲ. ಕೆಟ್ಟ ಮೂರನೆಯದು ಹಸಿರಾಗಿಯೇ ಇತ್ತು. ಸುಳ್ಳು ವಿಮಾನ ಎಡಕ್ಕೆ ಒಂದು ಡಿಗ್ರಿ ವಾಲಿತು, ಎರಡು ಡಿಗ್ರಿ ವಾಲಿತು, ಪೈಲಟ್ ನೋಡುವ ಮುಳ್ಳು ಮಾತ್ರ ನೆಟ್ಟಗೇ ನಿಂತಿತ್ತು. ನೆಲಕ್ಕೆ ಇನ್ನು ನಾನೂರು ಅಡಿ ಇರುವಾಗ ವಾಲಿಕೆ ಆರು ಡಿಗ್ರಿಯಾಯಿತು. ಮೇಜಿನವನು ಕಿವಿಯ ಹತ್ತಿ ತೆಗೆದು, ಆದದ್ದೇನು ಅಂತ ಮೇಷ್ಟ್ರ ಮುಖ ನೋಡಿದ.

ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ನಿಂತೇ ಇದ್ದರು. "ನಿಲ್ಲಿಸಬೇಡಿ, ಅರವತ್ತೂ ಆಗಲಿ" ಅಂದರು.

ಅರವತ್ತಾಗುವಷ್ಟರಲ್ಲಿ ನಾಲ್ಕು ಸಲ ಹಾಗಾಯಿತು. ಅವಳ ಲೆಕ್ಕ ಐದು ಹೇಳಿತ್ತು.

ಅವಳು ಗೆದ್ದೆ ಅಂದುಕೊಂಡಳು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೊನೆಯ ಓಟ ಮುಗಿದ ಮೇಲೆ ಅವಳು ಶೆಡ್ಡಿನ ಹಿಂದಿನ ಗೋಡೆಗೆ ಒರಗಿ ನಿಂತು ಅಳುತ್ತಿದ್ದುದನ್ನು ನಾನು ನೋಡಿದ್ದೇನೆ. ಮೇಷ್ಟ್ರು ಅಲ್ಲಿಗೆ ಹೋಗಿ ಪಕ್ಕದಲ್ಲಿ ನಿಂತರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಹೊರಗಿನ ತಂಡದ ಲೆಕ್ಕ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಅವರ ಅಂಕಿ ಹದಿನೆಂಟು.

ಸರಿಪಡಿಸುವ ದಾರಿ ಕಂಡುಹಿಡಿದವರು ಮೇಷ್ಟ್ರೇ. ಎರಡನೇ ಪೆಟ್ಟಿಗೆಯನ್ನು ಆ ಹಲಗೆಯಿಂದ ಎತ್ತಿ ವಿಮಾನದ ಹಿಂಭಾಗದ ಗೋಡೆಗೆ, ಬೇರೆಯೇ ಚೌಕಟ್ಟಿಗೆ ಕೂರಿಸುವುದು. ಪಟ್ಟಿಗಳು ಇಳಿಯುವ ಹೊತ್ತಿನಲ್ಲಿ ಯಾವ ಗೈರೊವನ್ನೂ ಅವಸರದಲ್ಲಿ ಹೊರಗೆ ಹಾಕದೆ ಸ್ವಲ್ಪ ಕಾಯುವ ಹಾಗೆ ವ್ಯವಸ್ಥೆಗೆ ಹೇಳುವುದು. ಹೇಳಲು ಎರಡು ಸಾಲು, ಮಾಡಲು ಹದಿನಾಲ್ಕು ತಿಂಗಳು. ಅದರ ನಡುವೆ ಮೇಷ್ಟ್ರ ನಿವೃತ್ತಿ ಬಂತು. ತಮ್ಮ ವ್ಯವಸ್ಥೆ ಹಾರುವುದನ್ನು ಕಚೇರಿಯಲ್ಲಿದ್ದು ನೋಡುವ ಆಸೆ ಅವರಿಗಿತ್ತು. ಅದು ಕೈಗೂಡಲಿಲ್ಲ. ಬೀಳ್ಕೊಡುಗೆಯ ದಿನ ಮಾತಾಡಿ ಅಂದರೆ ಎದ್ದು, ಹದಿನೇಳನೇ ಪುಟವನ್ನು ಯಾರೂ ನಂಬಬೇಡಿ, ಬರೆದವನು ನಾನು ಅಂದು ಕೂತರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಆಮೇಲೆ ಮಗಳ ಊರಿಗೆ ಹೋಗಿ ನೆಲೆಸಿದರು.

ಗಿರಗಿಟ್ಲೆಯನ್ನು ಎಂಟು ತಿಂಗಳ ನಂತರ ಮೌಲ್ಯಮಾಪನಕ್ಕೆ ವಾಪಸ್ ತೆಗೆದುಕೊಂಡರು. ತಾನು ಬರೆದ ಪ್ರತಿ ಪಟ್ಟಿಯನ್ನೂ ಇನ್ನೊಬ್ಬರು ಮೂಲದ ಜೊತೆ ತಾಳೆ ನೋಡಬೇಕು ಅನ್ನುವ ನಿಯಮ ಅವಳೇ ಕೇಳಿ ಹಾಕಿಸಿಕೊಂಡಳು. ಆ ತಾಳೆ ನೋಡುವ ಕೆಲಸ ಕೊನೆಗೆ ನನ್ನ ಕೊರಳಿಗೇ ಬಿತ್ತು. ಅವಳು ಓದುತ್ತ ನಡೆಯುತ್ತಿದ್ದಳು, ನಾನು ಗುರುತು ಹಾಕುತ್ತಿದ್ದೆ. ಹೊಸ ಜೋಡಣೆಯಲ್ಲಿ ಹತ್ತು ಸಾವಿರಕ್ಕೆ ಮೂರು ಬಂತು. ಮೂರರ ಬಗ್ಗೆಯೂ ಅವಳಿಗೆ ನೆಮ್ಮದಿಯಿರಲಿಲ್ಲ. ಆ ಮೂರು ಯಾಕೆ ಅಂತ ನಾಲ್ಕು ತಿಂಗಳು ಹುಡುಕಿದಳು.

ಮೊದಲ ಹಾರಾಟದ ಬೆಳಿಗ್ಗೆ ಕಚೇರಿಗೆ ಕಚೇರಿಯೇ ತಾರಸಿ ಹತ್ತಿತ್ತು. ಅವಳು ಹತ್ತಲಿಲ್ಲ. ವಿಮಾನ ಎದ್ದು, ನಲವತ್ತು ನಿಮಿಷ ಸುತ್ತಿ, ಪಟ್ಟಿಗಳನ್ನು ಇಳಿಸಿ, ಮೂರು ಸಲ ಇಳಿಯುವ ಹಾಗೆ ಮಾಡಿ ನಾಲ್ಕನೇ ಸಲ ನಿಜವಾಗಿ ಇಳಿಯಿತು. ನಾವು ಮೆಟ್ಟಿಲಿಳಿದು ಬಂದಾಗ ಅವಳು ಎರಡನೇ ಮಹಡಿಯ ಮೊಗಸಾಲೆಯಲ್ಲಿ ಫೋನ್ ಕಿವಿಗಿಟ್ಟುಕೊಂಡು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ಮಗಳ ಊರಿನಿಂದ ಮೇಷ್ಟ್ರು ಫೋನ್ ಮಾಡಿದ್ದರು. ಶುಭಾಶಯ ಗಿಭಾಶಯ ಏನೂ ಇರಲಿಲ್ಲ. ಇಳಿಯುವಾಗ ಹಿಂದಿನ ಪೆಟ್ಟಿಗೆಯ ಅಂಕಿ ಎಷ್ಟು ಆಡಿತು, ಗಾಳಿ ಎಷ್ಟಿತ್ತು, ಇಂಧನ ಎಷ್ಟು ಉಳಿದಿತ್ತು ಅಂತ ಒಂದೊಂದಾಗಿ ಕೇಳುತ್ತಿದ್ದರು. ಅವಳಿಗೆ ಅಂಕಿ ಇನ್ನೂ ಬಂದಿರಲಿಲ್ಲ. ನನ್ನನ್ನು ಕಂಡವಳೇ ಫೋನಿಗೆ ಕೈ ಅಡ್ಡ ಹಿಡಿದು, ಇವತ್ತಿನ ನಡುಕದ ದಾಖಲೆ ಎಷ್ಟು ಹೊತ್ತಿಗೆ ಸಿಗುತ್ತೆ ಅಂತ ಕೇಳಿದಳು. ನಾಳೆ ಅಂದೆ.

"ನಾಳೆ ಅಂತೆ ಮೇಷ್ಟ್ರೇ," ಅಂದಳು ಫೋನಿಗೆ. ಆ ಕಡೆಯಿಂದ ಏನೋ ಬಂತು. ಅವಳು ನಕ್ಕು, ನನ್ನ ತೋಳು ಹಿಡಿದು ಮೆಟ್ಟಿಲ ಕಡೆಗೆ ತಿರುಗಿಸಿ, ಈಗಲೇ ವಿಮಾನ ನಿಲ್ಲಿಸೋ ಹ್ಯಾಂಗರಿಗೆ ಹೋಗಿ ಇಸಿದುಕೊಂಡು ಬರೋಣ ನಡೀರಿ ಅಂತ ಮುಂದೆ ಮುಂದೆ ಇಳಿದಳು.